ಮೇಲೆದ್ದ ಕೈ

ನೀಲಕ್ಕನ ಬಲಗೈಗೆ ಅವಳ ತಲೆಯೇ ಎಟುಕುತ್ತಿರಲಿಲ್ಲ. ಭುಜದ ಮಟ್ಟಕ್ಕೆ ಬಂದರೆ ಅದೇ ದೊಡ್ಡದು. ಅದಕ್ಕಿಂತ ಮೇಲೆ ಎತ್ತಿದರೆ ಕೀಲಿನೊಳಗೆ ಯಾರೋ ಮೊಳೆ ಹೊಡೆದ ಹಾಗಾಗಿ ಕಣ್ಣು ಕತ್ತಲಿಡುತ್ತಿತ್ತು. ಆರು ವರ್ಷದಿಂದ ಅವಳ ತಲೆ ಬಾಚುತ್ತಿದ್ದವಳು ಸೊಸೆ.

ಸೊಸೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು. ಅಲ್ಲಿ ಏಳಕ್ಕೆ ಸರಿಯಾಗಿ ಗೇಟು ಮುಚ್ಚುತ್ತಾರೆ. ಅವಳ ಅವಸರವೆಲ್ಲ ಬಾಚಣಿಗೆಯಲ್ಲಿ ಗೊತ್ತಾಗುತ್ತಿತ್ತು.

"ಅತ್ತೆ, ಈ ಕೂದಲು ಕತ್ತರಿಸಿಬಿಡ್ಲಾ? ದಿನಾ ಈ ರಗಳೆ ತಪ್ಪುತ್ತೆ."

"ಕತ್ತರಿಸು ತಾಯಿ. ಹಾಗೇ ಕತ್ತನ್ನೂ ಕತ್ತರಿಸು. ಸಂಜೆ ಊಟ ಹಾಕೋ ರಗಳೆನೂ ತಪ್ಪುತ್ತೆ."

ಸೊಸೆ ನಕ್ಕು ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು.

"ಇನ್ನೊಂದು ತಿಂಗಳು ತಡ್ಕೋ," ಎಂದಳು ನೀಲಕ್ಕ. "ಕೆಲ್ಸಕ್ಕೆ ಸೇರಿ ಇಪ್ಪತ್ತೈದು ವರ್ಷ ತುಂಬಿಬಿಡುತ್ತೆ. ಆಮೇಲೆ ಮನೇಲಿ ಕೂತು ಈ ಕೈಗೆ ಶಾಖ ಕೊಟ್ಕೊಂಡು ಸರಿ ಮಾಡ್ಕೋತೀನಿ. ನನ್ನ ತಲೆ ನಾನೇ ಬಾಚ್ಕೋತೀನಿ. ನಿನ್ನ ಮಗಳದ್ದನ್ನೂ ಬಾಚ್ತೀನಿ."

ಅವಳ ಆಸೆ ಅಷ್ಟೇ. ಮೊಮ್ಮಗಳ ತಲೆ ಬಾಚಬೇಕು. ಇದಕ್ಕಿಂತ ಸಣ್ಣ ಆಸೆಯನ್ನು ಮನುಷ್ಯರು ಇಟ್ಟುಕೊಳ್ಳಲು ಸಾಧ್ಯವಿಲ್ಲ.

ನೀಲಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯವಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲನೆಯ ದಿನ ಬಿಳಿ ಬಟ್ಟೆಗೆ ಚಿಟಿಕೆಯಷ್ಟು ಹಾಕಬೇಕಾದ ನೀಲಿಯನ್ನು ಇಡೀ ಡಬ್ಬಿಯೇ ತೊಟ್ಟಿಗೆ ಸುರಿದಿದ್ದಳು. ಒಂದು ವಾರ ಆಸ್ಪತ್ರೆಯ ರೋಗಿಗಳೆಲ್ಲ ಆಕಾಶದ ಮೇಲೆ ಮಲಗಿದ್ದರು. ಅವತ್ತಿನಿಂದ ಅವಳು ನೀಲಿ. ವಯಸ್ಸಾಗುತ್ತಾ ನೀಲಕ್ಕ.

ಆ ಕೋಣೆಗೆ ಹೋಗಲು ಮುಂದಿನ ಬಾಗಿಲಿಲ್ಲ. ಹೆಣ ಸಾಗಿಸುವ ಹಿಂದಿನ ಬಾಗಿಲಿನಿಂದಲೇ ಒಗೆಯುವ ಹೆಂಗಸರೂ ಒಳಗೆ ಹೋಗಬೇಕು. ಕ್ಯಾಂಟೀನಿನೊಳಗೆ ಕಾಲಿಡುವಂತಿಲ್ಲ. ಕಿಟಕಿಯಿಂದ ಕಾಗದದ ಲೋಟದಲ್ಲಿ ಟೀ ಕೊಡುತ್ತಾರೆ. ವಾಸನೆ ಬರುತ್ತದಂತೆ. ಬಂದೇ ಬರುತ್ತದೆ. ಇಡೀ ಆಸ್ಪತ್ರೆಯ ರಕ್ತ, ಕೀವು, ಮಲ, ಮೂತ್ರ, ವಾಂತಿ ಎಲ್ಲವೂ ತಳ್ಳುಗಾಡಿಯಲ್ಲಿ ಬಂದು ಇವರ ಮುಂದೆ ಬೀಳುತ್ತದೆ. ಬಟ್ಟೆಯ ಮಡಿಕೆಯಲ್ಲಿ ಸೂಜಿ ಇರುತ್ತದೆ. ಒಮ್ಮೊಮ್ಮೆ ಬಟ್ಟೆಗೆ ಅಂಟಿಕೊಂಡು ಮನುಷ್ಯನ ಚರ್ಮವೇ ಬರುತ್ತದೆ. ಮೂರು ಯಂತ್ರಗಳಿದ್ದವು. ಎರಡು ಕೆಟ್ಟು ತುಕ್ಕು ಹಿಡಿದಿದ್ದವು. ಉಳಿದ ಒಂದರಲ್ಲಿ ಡಾಕ್ಟರುಗಳ ಬಿಳಿ ಕೋಟು ಮಾತ್ರ ಹಾಕಬೇಕು. ರೋಗಿಗಳ ಬೆಡ್‌ಶೀಟಿಗೆ ಸಿಮೆಂಟಿನ ತೊಟ್ಟಿ, ಕುದಿಯುವ ನೀರು, ಒಗೆಯುವ ಸೋಡಾ ಮತ್ತು ಹನ್ನೊಂದು ಹೆಂಗಸರ ಇಪ್ಪತ್ತೆರಡು ಕೈ.

ಒಂದು ಶೀಟಿನ ಎರಡು ತುದಿಯನ್ನು ಇಬ್ಬರು ಹಿಡಿದು ಎದುರುಬದುರಾಗಿ ತಿರುಚಿ ಹಿಂಡಬೇಕು. ಹಾಗೆ ದಿನಕ್ಕೆ ನೂರೈವತ್ತು. ಹಿಂಡಿದ್ದನ್ನು ಹೆಗಲಿಗೇರಿಸಿಕೊಂಡು ತಲೆಯಿಂದ ಒಂದು ಮೊಳ ಮೇಲಿರುವ ತಂತಿಯ ಮೇಲೆ ಎಸೆಯಬೇಕು. ನೀಲಕ್ಕನ ಭುಜ ಹೋದದ್ದು ಈ ತಂತಿಯಿಂದ. ತಂತಿಯನ್ನು ಒಂದು ಮೊಳ ಕೆಳಗೆ ಕಟ್ಟಿ ಎಂದು ಹೆಂಗಸರು ಎಷ್ಟು ಸಲ ಹೇಳಿದರೂ ಯಾರೂ ಕಟ್ಟಲಿಲ್ಲ. ಎರಡು ಮೊಳೆ ಹೊಡೆಯುವ ಕೆಲಸ ಅದು.

ನಿಯಮ ಹೀಗಿತ್ತು. ಇಪ್ಪತ್ತೈದು ವರ್ಷ ತುಂಬಿಸಿದವರು ಮೈ ಸರಿಯಿಲ್ಲದಿದ್ದರೆ ಅರವತ್ತಕ್ಕೆ ಮೊದಲೇ ನಿವೃತ್ತಿ ಕೇಳಬಹುದು. ಬದುಕಿರುವವರೆಗೆ ಅರ್ಧ ಸಂಬಳ ಬರುತ್ತದೆ. ಇಪ್ಪತ್ತೈದು ತುಂಬುವುದರೊಳಗೆ ಮೈ ಕೆಟ್ಟರೆ ಬರಿಗೈಯಲ್ಲಿ ಮನೆ. ಉದ್ದಕ್ಕ ಎಂದು ಒಬ್ಬಳಿದ್ದಳು. ಹದಿನೆಂಟನೆಯ ವರ್ಷದಲ್ಲಿ ಬೆನ್ನು ನೋವು ಎಂದು ಬಾಯಿ ಬಿಟ್ಟಳು. ಒಂದೇ ವಾರದಲ್ಲಿ ಅವಳನ್ನು ಅಸಮರ್ಥಳು ಎಂದು ಬರೆದು ಕಳಿಸಿದರು. ಹೋಗುವಾಗ ಅವಳು ಒಬ್ಬೊಬ್ಬರ ಹತ್ತಿರ ಬಂದು ಹೇಳಿದ್ದು ಒಂದೇ ಮಾತು: "ಸತ್ರೂ ಹೇಳ್ಬೇಡ್ರೇ."

ಯಾರೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಡಾಕ್ಟರು ಬಂದು ಸಾಲಾಗಿ ನಿಲ್ಲಿಸಿ, ಕೈ ಎತ್ತಿ, ಬಗ್ಗಿ, ಕೂತು ಏಳಿ ಎನ್ನುತ್ತಿದ್ದರು. ಅದಕ್ಕೆ ನೀಲಕ್ಕ ಒಂದು ಉಪಾಯ ಕಲಿತಿದ್ದಳು. ಉಸಿರು ಬಿಗಿ ಹಿಡಿದು, ಎಡಗಾಲಿನ ಮೇಲೆ ಭಾರ ಬಿಟ್ಟು, ಸೊಂಟವನ್ನು ಒಂದಿಷ್ಟು ತಿರುಗಿಸಿ ಭುಜವನ್ನು ಕೆಳಗಿನಿಂದ ಚಿಮ್ಮಿಸಿದರೆ ಕೈ ಮೇಲೆ ಹೋಗುತ್ತಿತ್ತು. ಹೋಗಿ ಒಂದು ಕ್ಷಣ ನಿಲ್ಲುತ್ತಿತ್ತು. ಡಾಕ್ಟರು ನೋಡುವುದೂ ಒಂದೇ ಕ್ಷಣ. ಆ ಕ್ಷಣದಲ್ಲಿ ಮುಖದ ಮೇಲೆ ನಗು ಇಟ್ಟುಕೊಳ್ಳಬೇಕು. ನೋವು ಮುಖಕ್ಕೆ ಮೊದಲು ಬರುತ್ತದೆ, ಅಲ್ಲಿ ಅದಕ್ಕೆ ಜಾಗ ಇರಬಾರದು. ಆರು ವರ್ಷ ಅವಳು ಇದನ್ನು ಮನೆಯ ಗೋಡೆಯೆದುರು ನಿಂತು ಅಭ್ಯಾಸ ಮಾಡಿದ್ದಳು. ಸೊಸೆ ನೋಡಿ, "ಅಜ್ಜಿ ಡ್ಯಾನ್ಸ್ ಕಲಿತಾ ಇದಾರೆ," ಎಂದು ಮಗಳಿಗೆ ಹೇಳುತ್ತಿದ್ದಳು.

ಡಾಕ್ಟರು ಹೋದ ವಾರಕ್ಕೆ ಒಂದು ಫಾರಂ ಬರುತ್ತಿತ್ತು. ನಾಲ್ಕು ಪ್ರಶ್ನೆ. ನೀವು ಏಕೆ ಕೆಲಸ ಮಾಡುತ್ತೀರಿ? ಕೆಲಸದಲ್ಲಿ ತೃಪ್ತಿ ಇದೆಯೇ? ಕೆಲಸದಿಂದ ದೇಹಕ್ಕೆ ತೊಂದರೆ ಇದೆಯೇ? ಎಷ್ಟು ಕಾಲ ಕೆಲಸ ಮಾಡಲು ಬಯಸುತ್ತೀರಿ? ಸೂಪರ್‌ವೈಸರ್ ಎಂದು ಎದೆಯ ಮೇಲೆ ಚೀಟಿ ಅಂಟಿಸಿಕೊಂಡಿದ್ದ, ಹೆಂಗಸರು ಮೇಸ್ತ್ರಿ ಎಂದೇ ಕರೆಯುತ್ತಿದ್ದ ಮನುಷ್ಯ ಹನ್ನೊಂದು ಫಾರಂಗೂ ತಾನೇ ಉತ್ತರ ತುಂಬಿ ತರುತ್ತಿದ್ದ. ಸೇವೆ ಮಾಡಲು. ಪೂರ್ಣ ತೃಪ್ತಿ ಇದೆ. ತೊಂದರೆ ಇಲ್ಲ. ಅರವತ್ತರವರೆಗೆ. ಹೆಂಗಸರ ಕೆಲಸ ಹೆಬ್ಬೆಟ್ಟು ಒತ್ತುವುದು.

ಮೂರು ವರ್ಷದ ಹಿಂದೆ ಹೊಸದಾಗಿ ಬಂದ ಸಣ್ಣಿ ಆ ಫಾರಂ ಕೈಗೆ ತೆಗೆದುಕೊಂಡು ಓದಿಬಿಟ್ಟಳು. ಅವಳು ಏಳನೆಯ ತರಗತಿಯವರೆಗೆ ಓದಿದವಳು.

"ನಾನು ಸೈನ್ ಮಾಡ್ತೀನಿ ಸಾರ್. ಆದ್ರೆ ಮೂರನೇದು ಸರಿ ಇಲ್ಲ. ನನ್ನ ಕೈ ನೋಡಿ." ಸೋಡಾ ತಿಂದ ಅವಳ ಬೆರಳ ಸಂದುಗಳು ಒಡೆದು ಹಸಿಯಾಗಿದ್ದವು.

"ಇಲ್ಲಿ ಎಲ್ರೂ ಹೆಬ್ಬೆಟ್ಟೇ," ಎಂದ ಮೇಸ್ತ್ರಿ. "ಸೈನ್ ಮಾಡೋರು ಮೇಲಿನ ಮಹಡೀಲಿ ಇರ್ತಾರೆ."

ಸಣ್ಣಿ ಕದಲಲಿಲ್ಲ. ಆಗ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಹೋದವಳು ನೀಲಕ್ಕ. "ನಾಲ್ಕು ಮಾತು ಕಣೇ. ಯಾರೂ ಓದಲ್ಲ. ಒತ್ತಿ ಮನೆಗೆ ಹೋಗು. ಹೊಟ್ಟೆಗಿಂತ ನಿನ್ನ ಕೈ ದೊಡ್ಡದಾ?" ಎಂದು ಗದರಿಸಿದ್ದಳು. ತಾನೇ ಅವಳ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿಸಿದ್ದಳು. ಸಣ್ಣಿಯ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೂ ಕಾಣದವಳಂತೆ ಇದ್ದಳು.

ಬಟ್ಟೆ ಮಡಚುವಾಗ ಹೆಂಗಸರು ಆ ಪ್ರಶ್ನೆಗಳನ್ನೇ ಇಟ್ಟುಕೊಂಡು ನಗುತ್ತಿದ್ದರು.

"ನೀವು ಏಕೆ ಕೆಲಸ ಮಾಡುತ್ತೀರಿ ತಾಯಿ?" ಎಂದು ಒಬ್ಬಳು ಸಾಹೇಬರ ದನಿಯಲ್ಲಿ ಕೇಳುತ್ತಿದ್ದಳು.

"ಮನೇಲಿದ್ರೆ ಗಂಡನ ಮುಖ ನೋಡ್ಬೇಕಲ್ಲ ಸ್ವಾಮಿ, ಅದಕ್ಕೆ."

"ನಾನು ಬಾಡಿಗೆ ಮನೆಯವನಿಗೆ ಹೆದರಿ ಮಾಡ್ತೀನಿ."

"ನೀಲಕ್ಕ, ನೀನು?"

"ನಾನಾ? ನನಗೆ ಸುಮ್ನೆ ಕೂತ್ರೆ ಮೈ ನೋವು," ಎನ್ನುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳ ಭುಜದ ವಿಷಯ ಆ ಹತ್ತು ಜನಕ್ಕೂ ಗೊತ್ತಿತ್ತು. ತಂತಿಯ ಮೇಲೆ ಎಸೆಯುವ ಸರದಿ ಬಂದಾಗ ಅವಳದ್ದನ್ನು ಸಣ್ಣಿ ಎಸೆಯುತ್ತಿದ್ದಳು.

ತೃಪ್ತಿ ಇರಲೇ ಇಲ್ಲ ಎಂದರೆ ಅದೂ ಸುಳ್ಳು. ಸೊಸೆಗೆ ಹೆರಿಗೆಯಾದದ್ದು ಇದೇ ಆಸ್ಪತ್ರೆಯಲ್ಲಿ. ಹಿಂದಿನ ಬಾಗಿಲಿನಿಂದಲೇ ನೋಡಲು ಹೋದಾಗ ಅವಳು ಮಲಗಿದ್ದ ಶೀಟಿನ ಮೂಲೆಯಲ್ಲಿ ನೀಲಿ ದಾರದ ತೇಪೆ ಕಂಡಿತು. ನೀಲಕ್ಕ ತಾನೇ ಹಾಕಿದ ತೇಪೆ. ತಾನು ಒಗೆದು, ಹಿಂಡಿ, ಒಣಗಿಸಿದ ಬಟ್ಟೆಯ ಮೇಲೆ ತನ್ನ ಮೊಮ್ಮಗಳು ಕಣ್ಣು ಮುಚ್ಚಿ ಮಲಗಿದ್ದಳು. ಅವತ್ತು ಅವಳಿಗೆ ಎದೆ ತುಂಬಿ ಬಂದಿತ್ತು. ಯಾರಿಗೂ ಹೇಳಲಿಲ್ಲ. ಅದು ಅವಳದ್ದು. ಅದನ್ನು ಫಾರಂನಲ್ಲಿ ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ.

ಇಪ್ಪತ್ತೈದು ತುಂಬಿತು. ಸಣ್ಣಿ ಅರ್ಜಿ ಬರೆದುಕೊಟ್ಟಳು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಕಳಿಸಿದ. ಮೂರನೆಯ ವಾರ ಕರೆ ಬಂತು.

ನೀಲಕ್ಕ ಆಸ್ಪತ್ರೆಯ ಮುಂದಿನ ಮೆಟ್ಟಿಲು ಹತ್ತಿದ್ದು ಅವತ್ತೇ ಮೊದಲು. ಸೊಸೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಬೆಳಗ್ಗೆ ನಿಧಾನವಾಗಿ ಬಾಚಿ, ಎರಡು ಸಲ ಬಿಚ್ಚಿ ಕಟ್ಟಿ, ಚೆನ್ನಾದ ಗಂಟು ಹಾಕಿದ್ದಳು. "ಅತ್ತೆ, ಅಲ್ಲಿ ನಗಬೇಡಿ," ಎಂದು ದಾರಿಯುದ್ದಕ್ಕೂ ಹೇಳಿದ್ದಳು. "ನೋವು ಅಂತ ಜೋರಾಗಿ ಹೇಳಿ."

"ಹೇಳ್ತೀನಿ. ಆರು ವರ್ಷದ್ದು ಒಟ್ಟಿಗೆ ಹೇಳ್ತೀನಿ."

ಒಳಗೆ ಡಾಕ್ಟರು, ಪಕ್ಕದಲ್ಲಿ ಆಡಳಿತದ ದೊಡ್ಡ ಸಾಹೇಬರು. ಸಾಹೇಬರು ಕುರ್ಚಿ ತೋರಿಸಿದರು. ಅವಳು ಕೂರುವ ಮೊದಲು ಜವಾನನಿಗೆ ಕಣ್ಸನ್ನೆ ಮಾಡಿದರು. ಅವನು ಬಂದು ಕುರ್ಚಿಯ ಮೇಲೆ ಹಳೆಯ ದಿನಪತ್ರಿಕೆ ಹಾಸಿದ. ಇಡೀ ಆಸ್ಪತ್ರೆಗೆ ಹಾಸುವ ಬಟ್ಟೆ ಒಗೆದವಳು ಕೂರಲು ಕಾಗದ. ನೀಲಕ್ಕ ಕೂರಲಿಲ್ಲ.

ಬಿಳಿ ಕೋಟು. ಕೈಯಲ್ಲಿ ಪೆನ್ನು. ಎದುರಿಗೆ ರಿಜಿಸ್ಟರು.

"ಬಲಗೈ ಎತ್ತಮ್ಮ," ಎಂದರು ಡಾಕ್ಟರು.

ಕೈ ಎದ್ದಿತು.

ಅವಳು ಎತ್ತಲಿಲ್ಲ. ಆಣೆ ಇಟ್ಟು ಹೇಳಬಹುದು, ಅವಳು ಎತ್ತಲಿಲ್ಲ. ಬಿಳಿ ಕೋಟು ಕಂಡ ಕೂಡಲೇ ಉಸಿರು ತಾನಾಗಿ ಬಿಗಿಯಿತು. ಭಾರ ಎಡಗಾಲಿಗೆ ಹೋಯಿತು. ಸೊಂಟ ತಿರುಗಿತು, ಭುಜ ಚಿಮ್ಮಿತು. ಕೈ ತಲೆಯ ಮೇಲೆ ನೆಟ್ಟಗೆ ನಿಂತಿತು. ಮುಖದ ಮೇಲೆ ನಗು ಬಂದು ಕೂತಿತ್ತು. ಆರು ವರ್ಷ ಹೆದರಿ ಹೆದರಿ ಕಲಿಸಿದ ಪಾಠವನ್ನು ಮೈ ಮರೆತಿರಲಿಲ್ಲ. ಇವತ್ತು ಹೆದರಬೇಕಿಲ್ಲ ಎಂದು ಮೈಗೆ ಯಾರೂ ಹೇಳಿರಲಿಲ್ಲ.

ಡಾಕ್ಟರು ಒಂದು ಕ್ಷಣ ನೋಡಿ ಬರೆದುಕೊಂಡರು.

"ಅಯ್ಯೋ ಇಲ್ಲ ಡಾಕ್ಟ್ರೇ, ಅದು ನಾನೆತ್ತಿದ್ದಲ್ಲ!" ನೀಲಕ್ಕನ ಕೈ ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿದ್ದಿತ್ತು. ಕಣ್ಣು ಕತ್ತಲಿಡುತ್ತಿತ್ತು. "ಅದು ಅಭ್ಯಾಸ. ನಿಮ್ಮನ್ನ ನೋಡಿದ್ರೆ ಹಾಗೆ ಎದ್ದುಬಿಡುತ್ತೆ. ಇನ್ನೊಂದ್ಸಲ ನೋಡಿ. ಈಗ ನೋಡಿ, ಏಳಲ್ಲ."

"ಎತ್ತು ನೋಡೋಣ."

ಈ ಸಲ ಅವಳು ಸೊಂಟ ತಿರುಗಿಸಲಿಲ್ಲ. ಕೈ ಎದೆಯವರೆಗೆ ಬಂದು ನಿಂತಿತು. ಅದೇ ನಿಜವಾದ ಕೈ.

ಡಾಕ್ಟರು ಸಾಹೇಬರ ಕಡೆ ನೋಡಿ ನಕ್ಕರು. "ಮೊದಲ್ನೇ ಸಲ ಚೆನ್ನಾಗೇ ಎದ್ದಿತ್ತಲ್ಲ. ನಾಟಕ ಎರಡನೇ ಸಲಕ್ಕೆ ನೆನಪಾಯ್ತಾ?"

ಸಾಹೇಬರು ಒಂದು ಕಡತ ಬಿಚ್ಚಿದರು. ವರ್ಷಕ್ಕೊಂದರಂತೆ ಫಾರಂಗಳು. ಯಾರೂ ಓದುವುದಿಲ್ಲ ಎಂದು ಅವಳು ಎಲ್ಲರಿಗೂ ಹೇಳಿದ್ದ ಫಾರಂಗಳು. ಸಾಹೇಬರು ಓದಿದರು. ಒಂದೊಂದನ್ನೂ ಬೆರಳಿಟ್ಟು ಓದಿದರು. "ತೊಂದರೆ ಇಲ್ಲ. ತೊಂದರೆ ಇಲ್ಲ. ಹೋದ ವರ್ಷವೂ ತೊಂದರೆ ಇಲ್ಲ. ಪೂರ್ಣ ತೃಪ್ತಿ ಇದೆ. ಅರವತ್ತರವರೆಗೆ ಮಾಡ್ತೀನಿ ಅಂತ ನೀನೇ ಹೇಳಿದೀಯ. ಇದು ನಿನ್ನ ಹೆಬ್ಬೆಟ್ಟೇ ತಾನೇ?"

"ಹೆಬ್ಬೆಟ್ಟು ನನ್ನದೇ ಸಾಹೇಬ್ರೆ. ಮಾತು ನನ್ನದಲ್ಲ."

"ಹಾಗಾದ್ರೆ ಇಪ್ಪತ್ತೈದು ವರ್ಷ ಸುಳ್ಳು ಹೇಳಿದ್ಯಾ?"

ಈ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೂ ಅವಳೇ ಸೋಲಬೇಕಿತ್ತು. ಹೌದು ಎಂದರೆ ಸುಳ್ಳುಗಾತಿ. ಇಲ್ಲ ಎಂದರೆ ನೋವಿಲ್ಲದವಳು.

"ಸುಳ್ಳು ಹೇಳ್ದೇ ಇದ್ದಿದ್ರೆ ನೀವು ಇಟ್ಕೋತಿದ್ರಾ?" ಎಂದಳು ನೀಲಕ್ಕ.

ಸಾಹೇಬರು ಕಡತ ಮುಚ್ಚಿದರು. "ಇಪ್ಪತ್ತೈದು ತುಂಬಿದ ತಿಂಗಳಿಗೇ ಸರಿಯಾಗಿ ನೋವು ಬರುತ್ತೆ ನಿಮಗೆಲ್ಲ. ಕೂತು ತಿನ್ನೋ ಆಸೆ. ಅರ್ಜಿ ತಿರಸ್ಕೃತ ಆಗಿದೆ. ಇನ್ನೊಂದ್ಸಲ ಹಾಕೋ ಹಾಗಿಲ್ಲ. ಇಷ್ಟ ಇದ್ರೆ ಮಾಡು, ಕಷ್ಟ ಆದ್ರೆ ಬಿಟ್ಟು ಹೋಗು. ಬಿಟ್ರೆ ಏನೂ ಸಿಗಲ್ಲ, ತಿಳ್ಕೋ."

ಹೊರಗೆ ಸೊಸೆ ಕಾಯುತ್ತಿದ್ದಳು. ನೀಲಕ್ಕನ ಮುಖ ನೋಡಿ ಅವಳ ಜೊತೆ ಮೆಟ್ಟಿಲಿಳಿದಳು. ಬೀದಿಗೆ ಬಂದ ಮೇಲೆ ನೀಲಕ್ಕನೇ ಹೇಳಿದಳು. "ಎದ್ದುಬಿಡ್ತು ಕಣೇ. ಹಾಳಾದ್ದು ಎದ್ದುಬಿಡ್ತು." ಬಸ್‌ ನಿಲ್ದಾಣದಲ್ಲಿ ನಿಂತವರೆಲ್ಲ ನೋಡುವ ಹಾಗೆ ತನ್ನ ಎಡಗೈಯಿಂದ ಬಲಗೈಗೆ ಪಟಪಟ ಹೊಡೆದುಕೊಂಡಳು. ಸೊಸೆ ಎಡಗೈಯನ್ನು ಹಿಡಿದು ನಿಲ್ಲಿಸಿದಳು.

"ಬಿಡಿ ಅತ್ತೆ. ತಲೆ ತಾನೇ? ನಾನು ಬಾಚ್ತೀನಿ."

ಮಾರನೆಯ ಬೆಳಗ್ಗೆ ಮತ್ತೆ ಹಿಂದಿನ ಬಾಗಿಲು. ಅರವತ್ತಕ್ಕೆ ಇನ್ನೂ ಏಳು ವರ್ಷವಿತ್ತು. ವಿಷಯ ಹೆಂಗಸರಿಗೆಲ್ಲ ತಿಳಿದಿತ್ತು. ಅವತ್ತು ಯಾರೂ ಸಾಹೇಬರ ದನಿ ತೆಗೆಯಲಿಲ್ಲ. ಸಣ್ಣಿ ಮಾತ್ರ ಹಿಂಡುತ್ತಾ ಹಿಂಡುತ್ತಾ ಹಲ್ಲು ಕಚ್ಚಿದಳು. "ಅವತ್ತು ನೀನು ನನ್ನ ಕೈ ಹಿಡಿದು ಒತ್ತಿಸಿದ್ಯಲ್ಲ ಅಕ್ಕ." ಅಷ್ಟೇ ಹೇಳಿದಳು. ನೀಲಕ್ಕನಿಗೆ ಸಾಹೇಬರ ಮಾತಿಗಿಂತ ಇದು ಆಳಕ್ಕೆ ಇಳಿಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ವಾರವೇ ಮೇಸ್ತ್ರಿ ಈ ವರ್ಷದ ಫಾರಂ ಹಿಡಿದು ಬಂದ. ಮಧ್ಯಾಹ್ನದ ಎರಡನೆಯ ಸರದಿ. ತೊಟ್ಟಿಗೆ ಆಗಷ್ಟೇ ಬಿಸಿನೀರು ಬಿಟ್ಟಿದ್ದರು. ಸೋಡಾದ ಹಬೆ ಕಣ್ಣು ಉರಿಸುತ್ತಿತ್ತು.

"ಬನ್ನಿ ಬನ್ನಿ. ನೀಲಕ್ಕ, ಹಿರಿಯಳು ನೀನು, ಮೊದಲು ನೀನೇ ಬಾ."

"ಏನ್ ಬರ್ದಿದೀರಿ?"

ಮೇಸ್ತ್ರಿಗೆ ಆಶ್ಚರ್ಯವಾಯಿತು. ಇಪ್ಪತ್ತೈದು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು. "ಇನ್ನೇನ್ ಬರೀತಾರೆ? ಎಲ್ಲ ಚೆನ್ನಾಗಿದೆ ಅಂತ."

"ಅದನ್ನ ಹೊಡೆದುಹಾಕಿ ಬೇರೆ ಬರೀರಿ. ಯಾಕೆ ಕೆಲ್ಸ ಮಾಡ್ತೀಯ ಅಂದ್ರೆ ಬಿಡೋಕೆ ಬಿಡಲ್ಲ ಅದಕ್ಕೆ ಮಾಡ್ತೀನಿ ಅಂತ ಬರೀರಿ. ಕೈ ಹೋಗಿದೆ ಅಂತ ಬರೀರಿ. ತಂತಿ ಕೆಳಗೆ ಕಟ್ಟಲಿಲ್ಲ ಅಂತ ಬರೀರಿ."

"ತಲೆ ಕೆಟ್ಟಿದ್ಯಾ ನಿನಗೆ? ಒತ್ತು."

"ಒತ್ತಲ್ಲ."

ಮೇಸ್ತ್ರಿ ಎದ್ದು ಬಂದ. ಅವಳ ಬಲ ಮುಂಗೈ ಹಿಡಿದು ತನ್ನ ಕಡೆ ಜಗ್ಗಿದ. ನೀಲಕ್ಕ ಎಳೆದುಕೊಳ್ಳಲು ನೋಡಿದಳು. ಕೈಯಲ್ಲಿ ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಏಳಬಾರದಿದ್ದಾಗ ಎದ್ದು ನಿಂತ ಕೈ, ಬೇಡ ಎನ್ನಬೇಕಾದಾಗ ಅವನ ಹಿಡಿತದಲ್ಲಿ ಸತ್ತ ಕೋಳಿಯ ಕತ್ತಿನಂತೆ ಜೋತುಬಿತ್ತು. ಅವನು ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿದ. ಆಮೇಲೆ ಕಾಗದಕ್ಕೆ ಒತ್ತಿದ. "ಬೇಡ, ನಾನು ಒಪ್ಪಲ್ಲ," ಎಂದು ಅವಳು ಬಾಯಿಯಲ್ಲಿ ಹೇಳುತ್ತಲೇ ಇದ್ದಳು. ಕಾಗದದ ಮೇಲೆ ಒಂದು ಕಪ್ಪು ಮಚ್ಚೆ ಮೂಡಿತು. ಗೆರೆಗಳೇ ಇರಲಿಲ್ಲ, ಸೋಡಾ ಎಂದೋ ತಿಂದು ಹಾಕಿತ್ತು.

"ನೋಡು, ಆಯ್ತು. ಇಷ್ಟಕ್ಕೆ ಎಷ್ಟು ರಂಪ," ಎಂದ ಮೇಸ್ತ್ರಿ. "ಮುಂದಿನೋಳು ಬಾ. ಸಣ್ಣಿ."

ಸಣ್ಣಿ ಬರಲಿಲ್ಲ. ಎರಡೂ ಕೈಯನ್ನು ಮೊಣಕೈವರೆಗೆ ತೊಟ್ಟಿಯ ಬಿಸಿನೀರಿನಲ್ಲಿ ಮುಳುಗಿಸಿ ನಿಂತಳು.

"ಕೈ ಒದ್ದೆ ಇದೆ."

"ಒರೆಸ್ಕೊಂಡು ಬಾ."

"ಕೆಲ್ಸ ಮಾಡ್ತಿದೀನಿ. ಪೂರ್ಣ ತೃಪ್ತಿಯಿಂದ ಮಾಡ್ತಿದೀನಿ. ತೆಗೆಯೋಕಾಗಲ್ಲ."

ಯಾರೋ ಒಬ್ಬಳು ಕಿಸಕ್ಕೆಂದಳು. ಮೇಸ್ತ್ರಿಯ ಮುಖ ಕೆಂಪಾಯಿತು. ತೊಟ್ಟಿಯ ಹತ್ತಿರ ಬಂದು ನೀರಿನ ಕಡೆ ನೋಡಿದ. ಹಬೆ ಮುಖಕ್ಕೆ ಬಡಿದು ಹಿಂದೆ ಸರಿದ. ಆ ನೀರಿಗೆ ಕೈ ಹಾಕುವುದು ಅವನ ಕೆಲಸವಲ್ಲ. ಸ್ಟೂಲು ಎಳೆದು ಕೂತ.

"ಇಡು. ಎಷ್ಟು ಹೊತ್ತು ಇಡ್ತೀಯೋ ಇಡು. ನಾನು ಇಲ್ಲೇ ಇರ್ತೀನಿ. ನನಗೇನು ಅವಸರ?"

ಅವನಿಗೆ ನಿಜವಾಗಿಯೂ ಅವಸರ ಇರಲಿಲ್ಲ. ಬೀಡಿ ಹಚ್ಚಿಕೊಂಡ. ಸಣ್ಣಿಯ ಕೈ ಕೆಂಪಾಗತೊಡಗಿತು. ಬೆರಳ ಸಂದಿನ ಹಳೆಯ ಹುಣ್ಣುಗಳಿಗೆ ಸೋಡಾ ಇಳಿಯುತ್ತಿತ್ತು. ಅವಳ ಕೆನ್ನೆ ಅದುರುತ್ತಿತ್ತು. ಇದಕ್ಕೆ ಕೊನೆ ಏನು ಎಂದು ಎಲ್ಲರಿಗೂ ಗೊತ್ತಿತ್ತು. ಇವತ್ತಲ್ಲದಿದ್ದರೆ ನಾಳೆ ಅವಳ ಹೆಬ್ಬೆಟ್ಟನ್ನೂ ಒತ್ತಿಸುತ್ತಾರೆ. ಇಲ್ಲದಿದ್ದರೆ ಉದ್ದಕ್ಕನ ಹಾದಿ.

ತೆಗಿ ಕಣೇ, ಕೈ ಸುಡುತ್ತೆ, ನಾಲ್ಕು ಮಾತು ತಾನೇ, ಒತ್ತಿಬಿಡು. ಮಾತು ನೀಲಕ್ಕನ ನಾಲಿಗೆಯ ತುದಿಗೇ ಬಂದಿತ್ತು. ಇಷ್ಟು ವರ್ಷ ಬಂದವರಿಗೆಲ್ಲ ಹೇಳಿದ ಮಾತು. ಅವಳು ಅದನ್ನು ನುಂಗಿದಳು. ನಡೆದು ಬಂದು ಸಣ್ಣಿಯ ಪಕ್ಕ ನಿಂತು ಎಡಗೈಯನ್ನು ನೀರಿಗೆ ಹಾಕಿದಳು. ಚುರ್ರೆಂದಿತು. ನೀರಿನೊಳಗೆ ಸಣ್ಣಿಯ ಬೆರಳು ಸಿಕ್ಕಿತು, ಹಿಡಿದುಕೊಂಡಳು.

ಬಲಗೈಯನ್ನೂ ತೊಟ್ಟಿಯ ಅಂಚು ದಾಟಿಸಲು ನೋಡಿದಳು. ಸೊಂಟ ತಿರುಗಿಸಿದಳು, ಭುಜ ಚಿಮ್ಮಿಸಿದಳು. ಮೇಸ್ತ್ರಿ ಜಗ್ಗಿದ ಕೈ ಏಳಲಿಲ್ಲ. ಮಸಿ ಮೆತ್ತಿದ ಹೆಬ್ಬೆರಳಿನ ಸಮೇತ ಅದು ತೊಟ್ಟಿಯ ಹೊರಗೇ ಜೋತುಬಿದ್ದಿತ್ತು.